ಹದವಿಲ್ಲದ ನೆಲಕ್ಕೆ ಕಳೆನಾಶಕ ಹೊಡೆದು ಡಬ್ಬಿಯನ್ನು ದೂರಬೇಡಿ

ಇಂದು ಬೆಳಿಗ್ಗೆ ಆತ್ಮೀಯ ರೈತರೊಬ್ಬರ ಮೆಕ್ಕೆಜೋಳದ ಹೊಲ ನೋಡಿ ಬಂದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಬಿತ್ತನೆಯಾಗಿ 22 ದಿನಗಳಾಗಿವೆ. ಬಿತ್ತಿದ ಮರುದಿನವೇ ಪೆಂಡಿಮೆಥಾಲಿನ್ ಎಂಬ ಕಳೆನಾಶಕ ಸಿಂಪಡಿಸಿದ್ದರೂ ಸಾಲುಗಳ ನಡುವೆ ಕಾಲಿಡಲು ಜಾಗವಿಲ್ಲದಷ್ಟು ಕಳೆ ಎದ್ದಿದೆ. "ಔಷಧಿಯೇ ಕಲಬೆರಕೆ, ಮುಂದಿನ ಸಲ ಎರಡು ಪಟ್ಟು ಹಾಕುತ್ತೇನೆ" ಎಂದರು. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಆ ತೀರ್ಮಾನವನ್ನು ನಾನು ಒಪ್ಪಲಾರೆ, ಏಕೆಂದರೆ ಅದಕ್ಕೆ ಉತ್ತರ ಅವರ ಹೊಲದಲ್ಲೇ ಇತ್ತು.

ಹೊಲದ ಒಂದು ಅಂಚಿನಲ್ಲಿ ನೀರಿನ ಪೈಪು ಸೋರುತ್ತಿತ್ತು. ಸಿಂಪಡಿಸಿದ ದಿನ ಆ ಭಾಗದ ನೆಲ ಒದ್ದೆಯಾಗಿತ್ತೆಂದು ಅವರೇ ಹೇಳಿದರು. ಅಲ್ಲಿ ನಾಲ್ಕು ಸಾಲುಗಳಷ್ಟು ಅಗಲಕ್ಕೆ ಕಳೆ ಬೆರಳೆಣಿಕೆಯಷ್ಟೂ ಇರಲಿಲ್ಲ. ತೇವವಿದ್ದ ಜಾಗದಲ್ಲಿ ಕಳೆ ಇನ್ನೂ ಹುಲುಸಾಗಿ ಬರಬೇಕಿತ್ತಲ್ಲವೇ? ಅದೇ ಡಬ್ಬಿ, ಅದೇ ಪಂಪು, ಅದೇ ಕೈ, ಅದೇ ದಿನ. ಬೇರೆಯಾಗಿದ್ದದ್ದು ಮಣ್ಣಿನ ತೇವ ಮಾತ್ರ. ನಾನು ಆ ಪಟ್ಟಿಯ ಪಕ್ಕದಲ್ಲಿ ನಿಂತು ತೋರಿಸಿದರೂ ಅವರು ಮತ್ತೆ ಡಬ್ಬಿಯ ವಿಷಯಕ್ಕೇ ಬಂದರು. ಇದು ಅವರೊಬ್ಬರ ತಪ್ಪಲ್ಲ. ಉದಯಪೂರ್ವ ಕಳೆನಾಶಕದ, ಅಂದರೆ ಕಳೆ ಮೊಳೆತು ಮೇಲೇಳುವ ಮುನ್ನವೇ ನೆಲಕ್ಕೆ ಸಿಂಪಡಿಸುವ ಔಷಧಿಯ ಬಗ್ಗೆ ನಾವು ಆಡುವ ಮಾತೆಲ್ಲ ಯಾವ ಔಷಧಿ, ಎಷ್ಟು ಮಿಲಿ ಎಂಬಲ್ಲಿಗೇ ನಿಲ್ಲುತ್ತದೆ. ಮಣ್ಣು ಹೇಗಿತ್ತು ಎಂದು ಕೇಳುವವರೇ ಇಲ್ಲ. ನನ್ನ ಬೇಸರವೆಲ್ಲ ಇದೇ.

ಎಲೆಯ ಮೇಲೆ ಬಿದ್ದು ಗಿಡವನ್ನು ಸುಡುವ ಕಳೆನಾಶಕಕ್ಕೂ ನೆಲದ ಮೇಲೆ ಹರಡುವ ಕಳೆನಾಶಕಕ್ಕೂ ಮೂಲದಲ್ಲೇ ವ್ಯತ್ಯಾಸವಿದೆ. ಎರಡನೆಯದು ಕಳೆಯ ಬೀಜವನ್ನು ಕೊಲ್ಲುವುದಿಲ್ಲ. ಸಣ್ಣ ಬೀಜದ ವಾರ್ಷಿಕ ಕಳೆಗಳು ಬಹುಪಾಲು ಮೇಲಿನ ಎರಡು ಮೂರು ಸೆಂಟಿಮೀಟರ್ ಮಣ್ಣಿನಿಂದಲೇ ಮೊಳೆಯುತ್ತವೆ. ಆ ತೆಳುಪದರದಲ್ಲಿ ಕಳೆನಾಶಕವು ಮಣ್ಣಿನ ನೀರಿನಲ್ಲಿ ಬೆರೆತು ನಿಂತಿದ್ದರೆ ಮಾತ್ರ ಮೊಳಕೆಯ ಬೇರು ಅಥವಾ ಕುಡಿ ಅದನ್ನು ಹೀರಿಕೊಳ್ಳುತ್ತದೆ. ಪೆಂಡಿಮೆಥಾಲಿನ್ ಬೇರಿನ ತುದಿಯಲ್ಲಿ ಜೀವಕೋಶಗಳು ವಿಭಜನೆಯಾಗದಂತೆ ತಡೆಯುತ್ತದೆ. ಆದರೆ ಅದು ಒಂದು ಲೀಟರ್ ನೀರಿನಲ್ಲಿ ಒಂದು ಮಿಲಿಗ್ರಾಂನಷ್ಟೂ ಕರಗುವುದಿಲ್ಲ, ಮಣ್ಣಿನ ಕಣಗಳಿಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಒಣಧೂಳಿನ ಮೇಲೆ ಸಿಂಪಡಿಸಿ ಬಿಸಿಲಿಗೆ ಬಿಟ್ಟರೆ ಒಂದಷ್ಟು ಆವಿಯಾಗಿ, ಒಂದಷ್ಟು ಬೆಳಕಿಗೆ ಒಡೆದು, ಉಳಿದದ್ದು ಮೇಲ್ಮೈಯಲ್ಲೇ ಅಂಟಿ ಕುಳಿತುಬಿಡುತ್ತದೆ. ಕೆಳಗೆ ಮೊಳೆಯುತ್ತಿರುವ ಕಳೆಗೆ ಅದರ ಸುಳಿವೂ ಸಿಗುವುದಿಲ್ಲ. ಸಿಂಪಡಿಸಿದ ಒಂದು ವಾರ ಹತ್ತು ದಿನಗಳೊಳಗೆ 12ರಿಂದ 25 ಮಿಲಿಮೀಟರ್ ಮಳೆಯೋ ಅಷ್ಟೇ ಪ್ರಮಾಣದ ತುಂತುರು ನೀರೋ ಬೀಳಬೇಕು ಎನ್ನುವುದು ಇದೇ ಕಾರಣಕ್ಕೆ. ಅದಕ್ಕಿಂತ ಬಹಳ ಹೆಚ್ಚು ಸುರಿದರೂ ಕಷ್ಟವೇ. ಮರಳು ಮಣ್ಣಿನಲ್ಲಿ ಪದರ ಕೆಳಗಿಳಿದು ಬೆಳೆಯ ಬೀಜವನ್ನೇ ಮುಟ್ಟುತ್ತದೆ. ಬೆಳೆಯ ಬೀಜ ನಾಲ್ಕೈದು ಸೆಂಟಿಮೀಟರ್ ಆಳದಲ್ಲಿರುವುದರಿಂದಲೇ ಎಷ್ಟೋ ಬೆಳೆಗಳು ಬದುಕುತ್ತವೆ ಎಂಬುದನ್ನು ಮರೆತು ಮೇಲೆಮೇಲೆ ಬಿತ್ತುವವರನ್ನು ಕಂಡಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಇನ್ನು ಹೆಂಟೆಗಳ ಮಾತು. ಆ ರೈತರ ಹೊಲದಲ್ಲಿ ಮುಷ್ಟಿಗಾತ್ರದ ಹೆಂಟೆಗಳು ಹಾಗೆಯೇ ಇದ್ದವು. ಕಳೆನಾಶಕ ಬಿದ್ದದ್ದು ಹೆಂಟೆಗಳ ನೆತ್ತಿಯ ಮೇಲೆ. ಮೊನ್ನೆಯ ಮಳೆಗೆ ಅವು ಕರಗಿ ಒಡೆದಾಗ ಒಂದು ಹನಿಯೂ ತಾಗದ ಒಳಗಿನ ಮಣ್ಣು ಮೇಲಕ್ಕೆ ಬಂದಿದೆ. ನಾನು ಕುಳಿತು ನೋಡಿದೆ, ಒಡೆದ ಪ್ರತಿ ಹೆಂಟೆಯ ಜಾಗದಲ್ಲೂ ಮುಳ್ಳುದಂಟಿನ ಸಸಿಗಳು ಗುಂಪುಗುಂಪಾಗಿ ನಿಂತಿದ್ದವು. ಮೊದಲೇ ಇನ್ನೊಂದು ಸಲ ಹರಗಿ ನೆಲ ನಯ ಮಾಡಿಕೊಂಡಿದ್ದರೆ ಈ ಅರ್ಧ ಕಳೆ ಹುಟ್ಟುತ್ತಲೇ ಇರಲಿಲ್ಲ. ಸಿಂಪಡಿಸಿದ್ದು ಕೀಟನಾಶಕಕ್ಕೆ ಬಳಸುವ ನಳಿಕೆಯಿಂದ, ಅದೂ ಮುಂದಕ್ಕೆ ನಡೆಯುತ್ತ ತಾವೇ ಹರಡಿದ ಪದರವನ್ನು ತುಳಿಯುತ್ತ. ಹಿಂದಕ್ಕೆ ಹೆಜ್ಜೆಯಿಡುತ್ತ, ಅಗಲವಾಗಿ ಒಂದೇ ಸಮನೆ ಹರಡುವ ಚಪ್ಪಟೆ ನಳಿಕೆಯಿಂದ, ಹೆಕ್ಟೇರಿಗೆ ಸುಮಾರು 500 ಲೀಟರ್ ನೀರು ಬೀಳುವಂತೆ ಸಿಂಪಡಿಸುವುದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ. 100 ಚದರ ಮೀಟರ್ ಅಳೆದು ಬರೀ ನೀರಿನಲ್ಲಿ ಒಮ್ಮೆ ಅಭ್ಯಾಸ ಮಾಡಿದರೆ ಐದು ಲೀಟರ್ ಎಷ್ಟು ಹೆಜ್ಜೆಗೆ ಮುಗಿಯಬೇಕೆಂದು ತಿಳಿದುಬಿಡುತ್ತದೆ.

ಪ್ರಮಾಣವನ್ನೂ ನಿರ್ಧರಿಸುವುದು ಮಣ್ಣೇ. ಜೇಡಿ ಮತ್ತು ಸಾವಯವ ಅಂಶ ಹೆಚ್ಚಿರುವ ಮಣ್ಣು ಕಳೆನಾಶಕವನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದರಿಂದ ಅಲ್ಲಿ ಶಿಫಾರಸಿನ ಮೇಲ್ಮಿತಿ ಬೇಕಾಗಬಹುದು. ಮರಳು ಮಣ್ಣಿಗೆ ಅದೇ ಪ್ರಮಾಣ ಹಾಕಿದರೆ ಬೆಳೆಗೇ ಪೆಟ್ಟು. ಇದನ್ನು ಲೆಕ್ಕಿಸದೆ ಎಲ್ಲ ಹೊಲಕ್ಕೂ ಒಂದೇ ಅಳತೆಯ ಮುಚ್ಚಳ ಬಳಸುತ್ತೇವೆ, ಫಲಿಸದಿದ್ದರೆ ಮುಚ್ಚಳವನ್ನು ಎರಡು ಸಲ ತುಂಬುತ್ತೇವೆ.

ಎರಡು ಪಟ್ಟು ಎಂಬ ಮಾತು ಕೇಳಿದಾಗ ನಾನು ಇಷ್ಟು ಕೆರಳುವುದಕ್ಕೆ ಕಾರಣವಿದೆ. ಈ ತಪ್ಪನ್ನು ನಾನೇ ಮಾಡಿದ್ದೇನೆ. ಕೆಲವು ವರ್ಷಗಳ ಹಿಂದೆ ಮೆಕ್ಕೆಜೋಳಕ್ಕೆ ಅಟ್ರಾಜಿನ್ ಎಂಬ ಕಳೆನಾಶಕವನ್ನು ಧಾರಾಳವಾಗಿ ಹಾಕಿದೆ. ಮೆಕ್ಕೆಜೋಳಕ್ಕೆ ಅದನ್ನು ತನ್ನೊಳಗೇ ನಿರ್ವಿಷಗೊಳಿಸಿಕೊಳ್ಳುವ ಶಕ್ತಿಯಿದೆ, ಬೆಳೆ ಚೆನ್ನಾಗಿಯೇ ಬಂತು. ಆ ವರ್ಷ ಮಳೆ ಕಡಿಮೆ, ನನ್ನ ಮಣ್ಣು ಕ್ಷಾರದ ಕಡೆಗೆ ವಾಲಿದ್ದು. ಇಂಥ ಕಡೆ ಅಟ್ರಾಜಿನ್ ಮಣ್ಣಿನಲ್ಲಿ ನಿಧಾನವಾಗಿ ಒಡೆದು ನಾಶವಾಗುತ್ತದೆಂಬುದನ್ನು ನಾನು ಗಮನಕ್ಕೆ ತೆಗೆದುಕೊಳ್ಳಲಿಲ್ಲ. ಮುಂದಿನ ಹಂಗಾಮಿಗೆ ದ್ವಿದಳ ಬಿತ್ತಿದೆ. ಸಸಿಗಳು ಚೆನ್ನಾಗಿ ಹುಟ್ಟಿದವು. ಬೀಜದ ದಳದಲ್ಲಿದ್ದ ಆಹಾರ ಮುಗಿದು ಎಲೆ ತಾನೇ ಆಹಾರ ತಯಾರಿಸಬೇಕಾದ ಹೊತ್ತಿಗೆ ಕೆಳಗಿನ ಎಲೆಗಳ ಅಂಚು ಹಳದಿಯಾಯಿತು, ಆಮೇಲೆ ಕಂದಾಯಿತು, ಎರಡು ವಾರದಲ್ಲಿ ಹೊಲ ಖಾಲಿ. ಮನೆಯಲ್ಲಿ ರೋಗ ಎಂದು ಹೇಳಿದೆ. ನಿಜ ಗೊತ್ತಿದ್ದೂ ಹಾಗೆ ಹೇಳಿದ್ದಕ್ಕೆ ಇಂದಿಗೂ ನಾಚಿಕೆಯಾಗುತ್ತದೆ.

ಹಾಗಾದರೆ ಕಳೆನಾಶಕವೇ ಬೇಡ ಎನ್ನುವ ಗೆಳೆಯರು ಈ ಬರಹದ ಕೆಳಗೂ ಬರುತ್ತಾರೆಂದು ಬಲ್ಲೆ. ಅವರ ಆತಂಕ ಸುಳ್ಳಲ್ಲ. ಅಂತರ್ಜಲದಲ್ಲಿ ಲೀಟರಿಗೆ 0.1 ಮೈಕ್ರೋಗ್ರಾಂ ಎಂಬ ಮಿತಿಯನ್ನು ಮೀರುತ್ತಿದೆಯೆಂಬ ಕಾರಣಕ್ಕೆ ಯುರೋಪಿಯನ್ ಒಕ್ಕೂಟ 2004ರಲ್ಲಿ ಅಟ್ರಾಜಿನ್‌ಗೆ ಅನುಮತಿ ನಿರಾಕರಿಸಿತು. ಆದರೆ ಬೆಳೆ ಮತ್ತು ಕಳೆಯ ಪೈಪೋಟಿಯಲ್ಲಿ ಇಳುವರಿ ನಿರ್ಧಾರವಾಗುವುದು ಮೊದಲ ಐದಾರು ವಾರಗಳಲ್ಲಿ. ಜಡಿಮಳೆ ಹಿಡಿದು ಹೊಲಕ್ಕೆ ಕಾಲಿಡಲಾಗದ ದಿನಗಳೂ ಅವೇ. ಕೈಯಿಂದ ಕಿತ್ತರೆ ಸಾಲದೇ ಎನ್ನುವವರು ದಿನವಿಡೀ ಸೊಂಟ ಬಗ್ಗಿಸಿ ಕೀಳುವವರು ಯಾರು, ಅವರ ಬೆನ್ನು ಸಂಜೆಗೆ ಹೇಗಿರುತ್ತದೆ ಎಂಬುದನ್ನು ಹತ್ತಿರದಿಂದ ನೋಡಲಿ. ಬೇಡವೆನ್ನುವವರ ವಾದಕ್ಕೆ ಬಲ ತುಂಬುತ್ತಿರುವುದು ಮಣ್ಣು ನೋಡದೆ ಎರಡು ಪಟ್ಟು ಹಾಕುವ ನಮ್ಮ ಅಭ್ಯಾಸವೇ. ಬೆಳೆ ಬಂದ ಮೇಲೆ ಎಲೆಗೆ ಹೊಡೆದರಾಯಿತು ಎನ್ನುವ ಇನ್ನೊಂದು ವಾದ ನನಗೆ ಇನ್ನೂ ದುರ್ಬಲವಾಗಿ ಕಾಣುತ್ತದೆ, ಏಕೆಂದರೆ ಅಷ್ಟರಲ್ಲಿ ಕಳೆ ತನ್ನ ಪಾಲಿನ ಗೊಬ್ಬರ ತಿಂದು ಮುಗಿಸಿರುತ್ತದೆ.

ಒಂದೇ ಔಷಧಿಯನ್ನು ವರ್ಷ ವರ್ಷ ನೆಚ್ಚಿಕೊಂಡರೂ ಅದು ಕೈಕೊಡುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಸ್ಯಕ್ಷೇತ್ರವೊಂದರಲ್ಲಿ ಸುಮಾರು ಹತ್ತು ವರ್ಷ ಸಿಮಾಜಿನ್ ಮತ್ತು ಅಟ್ರಾಜಿನ್ ಕಳೆನಾಶಕಗಳನ್ನು ಬಳಸಿದ ನಂತರ ಗ್ರೌಂಡ್‌ಸೆಲ್ ಎಂಬ ಕಳೆ ಅವಕ್ಕೆ ಜಗ್ಗದೆ ಬೆಳೆದದ್ದನ್ನು 1970ರಲ್ಲಿ ವರದಿ ಮಾಡಲಾಯಿತು. ಇನ್ನು ಜೇಕು, ಗರಿಕೆ ಗಡ್ಡೆಯಿಂದಲೂ ಬೇರುಕಾಂಡದಿಂದಲೂ ಚಿಗುರುವಂಥವು. ಮೊಳಕೆಯನ್ನು ತಡೆಯುವ ಪೆಂಡಿಮೆಥಾಲಿನ್‌ನಿಂದ ಅವು ಸಾಯಲೆಂದು ಕಾಯುವುದೇ ತಪ್ಪು. ನಾನು ನೋಡಿ ಬಂದ ರೈತರು ತಮ್ಮ ಹೊಲದಲ್ಲಿದ್ದ ಜೇಕಿನ ಪಾಲನ್ನೂ ಔಷಧಿಯ ಲೆಕ್ಕಕ್ಕೇ ಬರೆದಿದ್ದರು.

ಸದ್ಯಕ್ಕೆ ಆ ಹೊಲಕ್ಕೆ ಮತ್ತೆ ಕಳೆನಾಶಕ ಬೇಡವೆಂದು ಒಪ್ಪಿಸಿ ಬಂದಿದ್ದೇನೆ. ಎರಡು ದಿನ ಬಿಸಿಲು ಬಿದ್ದರೆ ಸಾಲುಗಳ ನಡುವೆ ಎಡೆಕುಂಟೆ ಹೊಡೆದು ಕಳೆ ತೆಗೆಯಬಹುದು, ಸಾಲಿನೊಳಗೆ ಉಳಿದದ್ದನ್ನು ಕೈಯಿಂದ ಕೀಳಬೇಕು. ಮುಂದಿನ ಬಿತ್ತನೆಗೆ ಹೆಕ್ಟೇರಿಗೆ ಒಂದು ಕಿಲೋ ಮೂಲವಸ್ತು (ಡಬ್ಬಿಯ ದ್ರವದಲ್ಲಿರುವ ಅಸಲಿ ಕಳೆನಾಶಕ), ಅಂದರೆ ಶೇಕಡಾ 30ರ ಪೆಂಡಿಮೆಥಾಲಿನ್ ಆದರೆ ಸುಮಾರು 3.3 ಲೀಟರ್, ಅದಕ್ಕಿಂತ ಒಂದು ಹನಿಯೂ ಹೆಚ್ಚಿಲ್ಲ ಎಂದು ಮಾತು ಪಡೆದಿದ್ದೇನೆ. ನೆಲ ಹದಕ್ಕೆ ಬಂದ ದಿನ ನನ್ನನ್ನು ಕರೆಯುತ್ತಾರಂತೆ. ನಾಲ್ಕು ಸಾಲುಗಳಿಗೆ ಏನನ್ನೂ ಸಿಂಪಡಿಸದೆ ಬಿಡುತ್ತೇವೆ. ಔಷಧಿ ಕಲಬೆರಕೆಯೋ ಅಲ್ಲವೋ ಎಂಬುದನ್ನು ಮೂರು ವಾರಗಳ ನಂತರ ಆ ನಾಲ್ಕು ಸಾಲುಗಳ ಪಕ್ಕದಲ್ಲಿ ನಿಂತು ಇಬ್ಬರೂ ಸೇರಿ ನೋಡುತ್ತೇವೆ.