ದುಡ್ಡು ಯಾರದು ಅಂತ ಮೊದಲೇ ಹೇಳಬೇಕಿತ್ತು

ಹೊರದೇಶದ ದುಡ್ಡಿನಿಂದ ನಡೆದರೂ ಒಳ್ಳೆಯ ಪತ್ರಿಕೆ ಒಳ್ಳೆಯದೇ ಎಂದು ನಾನು ಓದಿದ ಒಂದು ಲೇಖನ ಹೇಳುತ್ತದೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಉಗಾಂಡಾದ 'ಟ್ರಾನ್ಸಿಷನ್' ನೋಡಿ. 1961ರಲ್ಲಿ ರಜತ್ ನಿಯೋಗಿ ಕಂಪಾಲಾದಲ್ಲಿ ಶುರು ಮಾಡಿದ ಪತ್ರಿಕೆ. ಆಫ್ರಿಕಾದ ಹೊಸ ಬರಹಗಾರರು ಅಲ್ಲಿ ಯಾರ ಮುಲಾಜೂ ಇಲ್ಲದೆ ವಾದ ಮಾಡುತ್ತಿದ್ದರು. ಅದಕ್ಕೆ ನೆರವು ಕೊಡುತ್ತಿದ್ದ ಸಂಸ್ಥೆಯ ಹಿಂದೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಇದ್ದದ್ದು 1967ರ ಹೊತ್ತಿಗೆ ಬಯಲಾಯಿತು. ತಮಗೂ ಗೊತ್ತಿರಲಿಲ್ಲ ಎಂದರು ನಿಯೋಗಿ. 1968ರಲ್ಲಿ, ಸಂವಿಧಾನದ ವಿಚಾರದಲ್ಲಿ ಸರ್ಕಾರವನ್ನು ಟೀಕಿಸಿದ ಬರಹ ಅಚ್ಚು ಮಾಡಿದ್ದಕ್ಕೆ ಉಗಾಂಡಾದ ಆಗಿನ ಅಧ್ಯಕ್ಷ ಒಬೋಟೆಯ ಸರ್ಕಾರ ನಿಯೋಗಿಯವರನ್ನು ಜೈಲಿಗೆ ಹಾಕಿತು.

ಗುಟ್ಟಿನ ದುಡ್ಡು ಮಾಡುವ ಹಾನಿ ಇಲ್ಲೇ ಇದೆ, ಅಲ್ವಾ? ಪ್ರಾಮಾಣಿಕವಾಗಿ ಪ್ರಶ್ನೆ ಕೇಳುವವರನ್ನೂ 'ವಿದೇಶಿ ಏಜೆಂಟ್' ಅಂತ ತಳ್ಳಿಹಾಕಲು ಆಳುವವರಿಗೆ ನೆಪ ಸಿಗುತ್ತದೆ. ಹೊರದೇಶದ ದುಡ್ಡಿನಿಂದ ನಡೆಯುವ ಭಾಷಾ ತರಗತಿ, ಗ್ರಂಥಾಲಯ, ಸ್ಕಾಲರ್‌ಶಿಪ್ ಬಹುಮಟ್ಟಿಗೆ ತಮ್ಮ ದೇಶದ ಹೆಸರು ಹಾಕಿಕೊಂಡೇ ಬರುತ್ತವೆ. ಅವುಗಳ ಬಗ್ಗೆ ನನಗೆ ಅಷ್ಟು ಭಯವಿಲ್ಲ.