ಶೇ. 1.8ರ ಅದೃಷ್ಟ: ಎನ್‌ಬಿಎ ಲಾಟರಿಯಲ್ಲಿ ಮೋಸ ಹುಡುಕುವವರಿಗೆ

2025ರ ಮೇ ತಿಂಗಳಲ್ಲಿ ಡಲ್ಲಾಸ್ ಮಾವೆರಿಕ್ಸ್ ತಂಡಕ್ಕೆ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಡ್ರಾಫ್ಟ್‌ನಲ್ಲಿ, ಅಂದರೆ ಹೊಸ ಆಟಗಾರರ ಆಯ್ಕೆಯಲ್ಲಿ, ಮೊದಲ ಸರದಿ ಲಾಟರಿಯಿಂದ ಸಿಕ್ಕಿತು. ಅವರಿಗಿದ್ದ ಅವಕಾಶ ಶೇ. 1.8 ಮಾತ್ರ. ಮೂರು ತಿಂಗಳ ಹಿಂದಷ್ಟೇ ತನ್ನ ತಾರೆ ಲೂಕಾ ಡಾನ್ಚಿಚ್‌ನನ್ನು ಲೇಕರ್ಸ್ ತಂಡಕ್ಕೆ ಬಿಟ್ಟುಕೊಟ್ಟಿದ್ದ ತಂಡಕ್ಕೆ ಆ ವರ್ಷ ಎಲ್ಲರೂ ಬಯಸಿದ್ದ ಹೊಸ ಆಟಗಾರ ಕೂಪರ್ ಫ್ಲ್ಯಾಗ್ ದಕ್ಕಿದ. ಎಲ್ಲ ಮೊದಲೇ ನಿರ್ಧಾರವಾಗಿತ್ತು ಎಂಬ ಗುಲ್ಲು ಆಗಲೇ ಎದ್ದಿತು. ಆ ಅನುಮಾನಕ್ಕೆ ಬುಡವಿಲ್ಲ ಅಂತ ನಾನು ಖಡಾಖಂಡಿತವಾಗಿ ಹೇಳುತ್ತೇನೆ. ತಕರಾರು ಇರಬೇಕಾದ್ದು ಬೇರೆ ಕಡೆ.

ಐಪಿಎಲ್‌ನಂತೆ ಇಲ್ಲಿ ಹರಾಜಿಲ್ಲ. ಹೊಸ ಆಟಗಾರರನ್ನು ತಂಡಗಳು ಸರದಿ ಪ್ರಕಾರ ಆರಿಸಿಕೊಳ್ಳುತ್ತವೆ. ಪ್ಲೇಆಫ್ ತಲುಪದ 14 ತಂಡಗಳಲ್ಲಿ ಮೊದಲ ನಾಲ್ಕು ಸರದಿ ಯಾರಿಗೆ ಎಂಬುದಕ್ಕಷ್ಟೇ ಲಾಟರಿ; ಐದನೆಯದರಿಂದ ಮುಂದೆ ಹೆಚ್ಚು ಸೋತವರಿಗೆ ಮೊದಲ ಹಕ್ಕು.

ಯಂತ್ರದಲ್ಲಿ 1ರಿಂದ 14ರವರೆಗೆ ನಂಬರ್ ಹಾಕಿದ ಪಿಂಗ್‌ಪಾಂಗ್ ಚೆಂಡುಗಳು. 20 ಸೆಕೆಂಡು ಕಲಸಿದ ಮೇಲೆ ಮೊದಲ ಚೆಂಡು, ಆಮೇಲೆ 10 ಸೆಕೆಂಡಿಗೊಂದರಂತೆ ಇನ್ನು ಮೂರು. ಸಮಯ ನೋಡುವವರು ಯಂತ್ರಕ್ಕೆ ಬೆನ್ನು ತಿರುಗಿಸಿ ನಿಂತು, ಕೈ ಎತ್ತಿ ಸೂಚನೆ ಕೊಡುತ್ತಾರೆ. ಯಾವುದು ಮೊದಲು ಬಂತು ಎಂಬುದು ಲೆಕ್ಕಕ್ಕಿಲ್ಲವಾದ್ದರಿಂದ ನಾಲ್ಕರ ಗುಂಪುಗಳು ಒಟ್ಟು 1001. ಅದರಲ್ಲಿ 11-12-13-14 ಯಾರಿಗೂ ಸೇರಿದ್ದಲ್ಲ, ಬಂದರೆ ಮತ್ತೆ ಎತ್ತಬೇಕು. ಉಳಿದ 1000ದಲ್ಲಿ ತೀರಾ ಕೆಳಗಿನ ಮೂರು ತಂಡಗಳಿಗೆ ತಲಾ 140, ನಂತರದ್ದಕ್ಕೆ 125, ಆಮೇಲೆ 105, ಹೀಗೆ ಇಳಿಯುತ್ತಾ ಕೊನೆಯ ತಂಡಕ್ಕೆ 5. ಬಂದ ಗುಂಪು ಯಾವ ತಂಡದ್ದೋ ಅದಕ್ಕೆ ಮೊದಲ ಸರದಿ; ಉಳಿದ ಮೂರು ಸರದಿಗೂ ಹೀಗೆಯೇ ಎತ್ತುತ್ತಾರೆ. ಆಗಲೇ ಗೆದ್ದ ತಂಡದ ಗುಂಪೇ ಮತ್ತೆ ಬಂದರೂ ಮರು ಡ್ರಾ.

1.8 ಎಂಬ ವಿಚಿತ್ರ ಸಂಖ್ಯೆಗೂ ಕಾರಣವಿದೆ. ಡಲ್ಲಾಸ್ ಮತ್ತು ಷಿಕಾಗೊ ಎರಡೂ 39 ಗೆದ್ದು 43 ಸೋತಿದ್ದವು. ಕೆಳಗಿನಿಂದ 11 ಮತ್ತು 12ನೇ ಸ್ಥಾನಗಳ 20 ಹಾಗೂ 15 ಗುಂಪು ಸೇರಿಸಿ ಡಲ್ಲಾಸ್‌ಗೆ 18, ಷಿಕಾಗೊಗೆ 17 ಎಂದು ಹಂಚಿದರು.

ಗುಂಪುಗಳನ್ನು 1-2-3-4ರಿಂದ ಏರಿಕೆ ಕ್ರಮದಲ್ಲಿ ಹಂಚುವುದರಿಂದ ಕೆಳಗಿನ ಎರಡು ತಂಡಗಳ 280 ಗುಂಪುಗಳಲ್ಲೂ 1 ಇದ್ದೇ ಇರುತ್ತದೆ. ಆ ಒಂದು ಚೆಂಡು ಹೊರಬರಲಿಲ್ಲವೋ, ಎರಡೂ ತಂಡಗಳು ಮೊದಲ ಆಯ್ಕೆಯನ್ನು ಒಟ್ಟಿಗೇ ಕಳೆದುಕೊಂಡಂತೆ. ಡಲ್ಲಾಸ್‌ಗೆ ಗೆಲುವು ತಂದ ಗುಂಪು 7, 10, 11, 14; ಅದರಲ್ಲಿ 1 ಇರಲಿಲ್ಲ.

ಜನ ಎಡವುವುದು ಗೆದ್ದ ಮೇಲೆ ಗೆದ್ದವರ ಸಂಖ್ಯೆಯನ್ನಷ್ಟೇ ನೋಡುವುದರಿಂದ. ಕೆಳಗಿನಿಂದ 11ರಿಂದ 14ನೇ ಸ್ಥಾನದ ನಾಲ್ಕು ತಂಡಗಳ ಅವಕಾಶ ಕೂಡಿಸಿದರೆ ಶೇ. 5, 20 ವರ್ಷಕ್ಕೊಮ್ಮೆ ಅವರಲ್ಲೊಬ್ಬರು ಗೆಲ್ಲುವುದು ಸಹಜ. 7ರಿಂದ 14ರವರೆಗೆ ಕೂಡಿಸಿದರೆ ಶೇ. 26. 2019ರಿಂದ 2025ರವರೆಗಿನ ಏಳು ಲಾಟರಿಗಳಲ್ಲಿ ಅತಿ ಹೆಚ್ಚು ಸೋತ ತಂಡ ಒಮ್ಮೆಯೂ ಗೆಲ್ಲಲಿಲ್ಲ ಎಂಬುದನ್ನೂ ಸಾಕ್ಷಿಯೆಂದು ಮುಂದಿಡುತ್ತಾರೆ. ಏಳು ಸಲವೂ ಸೋಲುವ ಸಾಧ್ಯತೆ 0.86ರ ಏಳನೇ ಘಾತ, ಅಂದರೆ ಸುಮಾರು ಶೇ. 35. ಮೂರರಲ್ಲಿ ಒಂದು ಸಲ ಆಗುವಂಥದ್ದಕ್ಕೆ ಪಿತೂರಿಯ ಅಗತ್ಯವಿಲ್ಲ.

ನನಗೆ ನಿಜಕ್ಕೂ ಸಂಕಟವಾಗುವುದು ನಿಯಮದ ಬಗ್ಗೆ. 2018ರವರೆಗೆ ಅತಿ ಕೆಟ್ಟ ತಂಡಕ್ಕೆ ಶೇ. 25 ಅವಕಾಶವಿತ್ತು, ಡ್ರಾ ಮೂರು ಸರದಿಗೆ ಮಾತ್ರ. ಬೇಕೆಂದೇ ಸೋಲುವುದನ್ನು ತಡೆಯಲು ಶೇ. 14ಕ್ಕೆ ಇಳಿಸಿದ್ದು ಸರಿ. ಫಿಲಡೆಲ್ಫಿಯಾ ತಂಡ ವರ್ಷಗಟ್ಟಲೆ ಬೇಕೆಂದೇ ಸೋತು ಮೊದಲ ಸರದಿಯ ಆಯ್ಕೆಗಳನ್ನು ಕೂಡಿಹಾಕಿದ್ದನ್ನು ನೋಡಿದವರು ಅದನ್ನು ಒಪ್ಪಲೇಬೇಕು. ಆದರೆ ಜೊತೆಗೇ ಡ್ರಾವನ್ನು ನಾಲ್ಕಕ್ಕೆ ಏರಿಸಿದ್ದರಿಂದ ಕಟ್ಟಕಡೆಯ ತಂಡ ಐದನೇ ಸರದಿಗೆ ಜಾರುವ ಸಾಧ್ಯತೆ ಶೇ. 47.9 ಆಯಿತು. 2023-24ರಲ್ಲಿ ಡೆಟ್ರಾಯಿಟ್ 14 ಗೆದ್ದು 68 ಸೋತಿತ್ತು, ಒಂದೇ ಋತುವಿನಲ್ಲಿ ಸತತ 28 ಸೋಲು. ಅದು ನಾಟಕದ ಸೋಲಲ್ಲ, ನಿಜವಾಗಿಯೂ ದುರ್ಬಲವಾಗಿದ್ದ ತಂಡ. ಅದಕ್ಕೆ ಸಿಕ್ಕಿದ್ದು ಐದನೇ ಆಯ್ಕೆ, ಅದರ ಹಿಂದಿನ ವರ್ಷವೂ ಐದನೆಯದೇ. ಶೇ. 14 ಹಾಗೇ ಇರಲಿ, ಡ್ರಾ ಮಾತ್ರ ಮತ್ತೆ ಮೂರಕ್ಕೆ ಇಳಿಯಲಿ. ಆಗ ಅತಿ ಕೆಳಗಿನ ತಂಡ ನಾಲ್ಕರಿಂದ ಆಚೆ ಬೀಳುವುದಿಲ್ಲ, ಬೇಕೆಂದೇ ಸೋಲುವವರಿಗೆ ಮೊದಲ ಆಯ್ಕೆಯ ಆಸೆಯೂ ಹೆಚ್ಚುವುದಿಲ್ಲ.