ಆಸಿಡ್ ಹೊಗೆಗೆ ಬೆಲ್ಲದ ಮದ್ದಂತೆ!

ಬೆಳಿಗ್ಗೆ ಪಾಳಿ ಶುರುವಾಗುವ ಮುಂಚೆ ತಲೆಗೊಂದು ತುಂಡು ಬೆಲ್ಲ, ಸಂಜೆ ಒಂದು ಲೋಟ ಹಾಲು. ಪೀಣ್ಯದಲ್ಲಿ ನಾನು ಕೆಲಸ ಮಾಡುವ, ಲೋಹದ ಸಾಮಾನಿಗೆ ವಿದ್ಯುತ್ತಿನಿಂದ ಕ್ರೋಮ್ ಲೇಪಿಸುವ ಪ್ಲೇಟಿಂಗ್ ಶೆಡ್‌ನಲ್ಲಿ ಕಾರ್ಮಿಕರ ಸುರಕ್ಷತೆ ಎಂದರೆ ಇಷ್ಟೇ. ‘ಬೆಲ್ಲ ತಿಂದರೆ ಎದೆಯಲ್ಲಿರುವುದೆಲ್ಲ ತೊಳೆದು ಹೋಗುತ್ತದೆ’ ಎನ್ನುತ್ತಾರೆ ನಮ್ಮ ಮಾಲೀಕರು. ಸ್ವಾಮಿ, ಆಸಿಡ್ ಹೋಗುವುದು ಶ್ವಾಸಕೋಶಕ್ಕೆ, ಬೆಲ್ಲ ಹೋಗುವುದು ಹೊಟ್ಟೆಗೆ. ಇವೆರಡೂ ಎಲ್ಲಿ ಸಂಧಿಸುತ್ತವೆ ಎಂದು ಯಾರಾದರೂ ತಿಳಿದವರು ಹೇಳಿ!

ಕ್ರೋಮ್ ಟ್ಯಾಂಕಿನ ಮುಂದೆ ಒಂದು ನಿಮಿಷ ನಿಂತು ನೋಡಿದರೆ ಸಾಕು. ಅದಕ್ಕೆ ಹಾಯಿಸುವ ವಿದ್ಯುತ್ತಿನಲ್ಲಿ ಲೋಹ ಕೂರಿಸಲು ಬಳಕೆಯಾಗುವುದು ಸ್ವಲ್ಪ ಮಾತ್ರ; ಉಳಿದದ್ದು ಬಹುಪಾಲು ಜಲಜನಕದ ಗುಳ್ಳೆ ಎಬ್ಬಿಸುವುದರಲ್ಲೇ ಮುಗಿಯುತ್ತದೆ. ಗುಳ್ಳೆಗಳು ಮೇಲೆ ಬಂದು ಒಡೆಯುವಾಗ ಕ್ರೋಮಿಕ್ ಆಸಿಡ್ಡನ್ನು ಸಣ್ಣ ಸಣ್ಣ ಹನಿಗಳಾಗಿ ಗಾಳಿಗೆ ಎರಚುತ್ತವೆ. ರ‍್ಯಾಕ್ ಇಳಿಸಿ ಎತ್ತುವವನ ಮುಖ ಸರಿಯಾಗಿ ಅದರ ಮೇಲೆಯೇ ಇರುತ್ತದೆ. ಅವನಿಗೆ ಕೊಟ್ಟಿರುವುದು ಕೋವಿಡ್ ಕಾಲದ ತೆಳು ನೀಲಿ ಮಾಸ್ಕ್. ಮಧ್ಯಾಹ್ನದ ಹೊತ್ತಿಗೆ ಮೂಗಿನ ನೇರಕ್ಕೆ ಅದು ಹಳದಿಯಾಗಿರುತ್ತದೆ. ಅದನ್ನೇ ಮೊಳೆಗೆ ನೇತುಹಾಕಿ ಮರುದಿನವೂ ಕಟ್ಟಿಕೊಳ್ಳುತ್ತಾನೆ.

ಆ ಹುಡುಗನ ಬೆರಳ ಗೆಣ್ಣುಗಳ ಮೇಲೆ ಕೊರೆದಿಟ್ಟಂತೆ ಪುಟ್ಟ ಗುಂಡು ಹುಣ್ಣುಗಳಿವೆ. ಕೈಗವಸು ಹರಿದು ಎಷ್ಟು ದಿನವಾಯಿತೋ. ಅದು ಹಾಗಿರಲಿ, ಜೋರಾಗಿ ಉಸಿರೆಳೆದರೆ ಅವನ ಮೂಗಿನಿಂದ ಸಿಳ್ಳೆಯ ಸದ್ದು ಬರುತ್ತದೆ. ಎರಡು ಹೊಳ್ಳೆಗಳ ನಡುವಿನ ಗೋಡೆಯಲ್ಲಿ ತೂತು ಬಿದ್ದಿದೆ. ‘ನೋವೇನೂ ಇಲ್ಲ ಸಾರ್’ ಎಂದು ನಗುತ್ತಾನೆ. ನೋವಿಲ್ಲದ್ದೇ ದೊಡ್ಡ ಅಪಾಯ ಎಂದು ಅವನಿಗೆ ಹೇಳುವವರು ಯಾರು? ಆ ಆಸಿಡ್ಡಿನಲ್ಲಿರುವ ಕ್ರೋಮಿಯಂ ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ ಎಂಬುದರಲ್ಲಿ ವೈದ್ಯಲೋಕಕ್ಕೆ ಅನುಮಾನವೇ ಉಳಿದಿಲ್ಲ. ಆ ಕಾಯಿಲೆ ಕಾಣಿಸಿಕೊಳ್ಳಲು ದಶಕಗಳೇ ಬೇಕು. ಅಷ್ಟರಲ್ಲಿ ಅವನು ತನ್ನ ಊರು ಸೇರಿರುತ್ತಾನೆ, ಶೆಡ್ ಇನ್ನೊಬ್ಬರ ಹೆಸರಿಗೆ ಹೋಗಿರುತ್ತದೆ.

ಪರಿಹಾರವೇನು ಆಕಾಶದಲ್ಲಿದೆಯೇ? ಟ್ಯಾಂಕಿನ ಅಂಚಿಗೇ ಹೊಗೆ ಎಳೆಯುವ ಎಕ್ಸಾಸ್ಟ್ ಕೂರಿಸಬೇಕು. ಹನಿ ಮೇಲೇಳದಂತೆ ತಡೆಯುವ ರಾಸಾಯನಿಕ ಸಿಗುತ್ತದೆ, ಅದನ್ನು ಬೆರೆಸಬೇಕು. ಆಮೇಲೆ ಗಾಳಿ ಸೋಸುವ ಕಾರ್ಟ್ರಿಜ್ ಇರುವ ಮಾಸ್ಕ್, ಒಳ್ಳೆಯ ಕೈಗವಸು. ನಮ್ಮಲ್ಲಿ ಎಕ್ಸಾಸ್ಟ್ ಇಲ್ಲವೆಂದಲ್ಲ, ಇದೆ! ಕರೆಂಟ್ ಬಿಲ್ ಬರುತ್ತದೆಂದು ಅದರ ಸ್ವಿಚ್ಚಿಗೆ ಟೇಪ್ ಸುತ್ತಿದ್ದಾರೆ. ತಪಾಸಣೆಯ ಅಧಿಕಾರಿ ಬರುವ ಸುದ್ದಿ ಅದು ಹೇಗೋ ಹಿಂದಿನ ಸಂಜೆಯೇ ಬಂದುಬಿಡುತ್ತದೆ. ಆಗ ಟೇಪ್ ಬಿಚ್ಚುತ್ತದೆ, ಹೊಸ ಗಾಗಲ್ಸ್ ಹೊರಬರುತ್ತದೆ, ಗುತ್ತಿಗೆ ಹುಡುಗರಿಗೆ ರಜೆ ಸಿಗುತ್ತದೆ. ಅಧಿಕಾರಿ ಕಾಫಿ ಕುಡಿದು ಸಹಿ ಹಾಕಿ ಹೊರಟರೆ ಗಾಗಲ್ಸ್ ಮತ್ತೆ ಬೀರು ಸೇರುತ್ತದೆ. ರಾಸಾಯನಿಕದ ಡ್ರಮ್ಮಿನ ಜೊತೆ ಬಂದ ಅಪಾಯದ ಮಾಹಿತಿ ಹಾಳೆಯೂ ಅದೇ ಬೀರುವಿನಲ್ಲಿದೆ, ಇಂಗ್ಲಿಷಿನಲ್ಲಿ. ಟ್ಯಾಂಕಿನ ಬಳಿ ನಿಲ್ಲುವವರು ಒಡಿಶಾ, ಬಿಹಾರ, ರಾಯಚೂರು ಕಡೆಯವರು.

ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿದೆ ಎಂದು ಪತ್ರಿಕೆಗಳು ಬರೆದಾಗ ಊರೆಲ್ಲ ಬೆಚ್ಚಿತ್ತು. ಬೆಚ್ಚಬೇಕಾದದ್ದೇ. ಅದೇ ವಿಷವನ್ನು ದಿನವಿಡೀ ಉಸಿರಾಡುವವನ ಬಗ್ಗೆ ಮಾತ್ರ ಒಬ್ಬರೂ ಉಸಿರೆತ್ತುವುದಿಲ್ಲ. ಇಎಸ್‌ಐ ಡಾಕ್ಟರೂ ‘ಏನು ಕೆಲಸ ಮಾಡುತ್ತೀಯಪ್ಪಾ’ ಎಂದು ಕೇಳದೆ ಆ ಹುಡುಗನಿಗೆ ಅಲರ್ಜಿ ಮಾತ್ರೆ ಬರೆದುಕೊಟ್ಟರು.

1984ರಲ್ಲಿ ಭೋಪಾಲದಲ್ಲಿ ಸಾವಿರಾರು ಜನ ಸತ್ತ ಮೇಲೆ, 1987ರಲ್ಲಿ, ಕಾರ್ಖಾನೆ ಕಾಯ್ದೆಗೆ ಒಂದು ಅಧ್ಯಾಯವನ್ನೇ ಸೇರಿಸಿದರು. ಅಪಾಯಕಾರಿ ಉದ್ಯಮಗಳ ಪಟ್ಟಿಯಲ್ಲಿ ಎಲೆಕ್ಟ್ರೋಪ್ಲೇಟಿಂಗ್‌ನ ಹೆಸರೂ ಇತ್ತು. ವರ್ಷಕ್ಕೊಮ್ಮೆಯಾದರೂ ವೈದ್ಯಕೀಯ ಪರೀಕ್ಷೆ ಮಾಡಿಸಬೇಕು, ಅದರ ದಾಖಲೆಯನ್ನು ಕಾರ್ಮಿಕ ನೋಡುವಂತಿರಬೇಕು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ನಮ್ಮ ಶೆಡ್‌ನಲ್ಲಿ ಆ ದಾಖಲೆಯನ್ನು ಕಣ್ಣಾರೆ ಕಂಡವರಿಲ್ಲ. ಕೇಳಿದ್ದಕ್ಕೆ ಮೇಲ್ವಿಚಾರಕರು ನನ್ನನ್ನು ಪಕ್ಕಕ್ಕೆ ಕರೆದು, ‘ನಿಮ್ಮ ಕೆಲಸ ಸರಕು ಪಾಸ್ ಮಾಡುವುದಲ್ಲವೇ? ಅಷ್ಟು ಮಾಡಿ’ ಎಂದರು. ಸರಿ, ಇನ್ನು ಬಾಯಲ್ಲಿ ಕೇಳುವುದಿಲ್ಲ. ಅರ್ಜಿ ಬರೆದಿದ್ದೇನೆ. ಆ ಹುಡುಗ ಸಹಿ ಹಾಕಿದ್ದಾನೆ, ಉಳಿದವರು ಗುತ್ತಿಗೆದಾರನ ಮುಖ ನೋಡುತ್ತಿದ್ದಾರೆ. ಸೋಮವಾರ ಒಂದು ಪ್ರತಿ ಮಾಲೀಕರ ಮೇಜಿಗೆ, ಇನ್ನೊಂದು ಕಾರ್ಖಾನೆಗಳ ಇಲಾಖೆಗೆ ಸ್ಪೀಡ್ ಪೋಸ್ಟಿನಲ್ಲಿ.